ಹಳೆಯ ಸಿಹಿನೀರಿನ ಟ್ಯಾಂಕಿನಲ್ಲಿ ಹವಳ ಬೆಳೆಸುವುದು: ಕಡಿಮೆ ಖರ್ಚಿನ ದಾರಿ

ಮುಂಬೈಯ ಮುಲುಂಡ್ ಪೂರ್ವದಲ್ಲಿ ನಮ್ಮದು ಎರಡನೇ ಮಹಡಿಯ ಒಂದು ಬೆಡ್‌ರೂಮಿನ ಮನೆ. ಹಾಲ್‌ನಲ್ಲಿ ಟಿವಿ ಪಕ್ಕ ಮೂರಡಿ ಉದ್ದದ ಗಾಜಿನ ಟ್ಯಾಂಕ್ ಇದೆ. ಆರು ವರ್ಷ ಅದರಲ್ಲಿ ಗಪ್ಪಿ, ಏಂಜೆಲ್, ಕಪ್ಪು ಮೋಲಿ ಓಡಾಡಿಕೊಂಡಿದ್ದವು. ಈಗ ಅದೇ ಗಾಜಿನೊಳಗೆ ಉಪ್ಪುನೀರು. ಕಲ್ಲಿನ ಮೇಲೆ ಮೃದು ಹವಳ (ಗಟ್ಟಿ ಸುಣ್ಣದ ಗೂಡು ಕಟ್ಟದ ಜಾತಿ) ಹಬ್ಬಿದೆ, ಒಂದು ಜೋಡಿ ಕ್ಲೌನ್ ಮೀನು ರಾತ್ರಿ ಅದರ ಮಗ್ಗುಲಲ್ಲೇ ಮಲಗುತ್ತವೆ. ಹವಳ, ಮೀನಿನ ಬೆಲೆ ಬಿಟ್ಟು ಈ ಬದಲಾವಣೆಗೆ ನನಗೆ ಆದ ಖರ್ಚು 19,500 ರೂಪಾಯಿ. ಅದೂ ಒಂದೇ ತಿಂಗಳಲ್ಲಿ ಅಲ್ಲ, ನಾಲ್ಕು ತಿಂಗಳಲ್ಲಿ.

ನಾನು ಎಸಿ ಮೆಕ್ಯಾನಿಕ್. ಊರು ಕುಮಟಾ ಕಡೆ. ಅಜ್ಜ ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ದುಡಿದವರು. ಆಗರದ ಕೆಲಸ ಏನು? ಕಡಲ ನೀರನ್ನು ಒಳಗೆ ಬಿಟ್ಟು ಕಟ್ಟಿಹಾಕುವುದು, ಬಿಸಿಲಿಗೆ ನೀರು ಆರಿಹೋಗುವುದನ್ನು ಕಾಯುವುದು. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಉಪ್ಪುನೀರಿನ ಟ್ಯಾಂಕ್ ಇಡುವವರು ಮೊದಲು ತಿಳಿಯಬೇಕಾದದ್ದೂ ಇದೇ. ಮನೆಯ ಟ್ಯಾಂಕೂ ದಿನವಿಡೀ ಆಗರದ ಹಾಗೆ ಆರುತ್ತಲೇ ಇರುತ್ತದೆ. ಅದನ್ನು ಆಗರ ಆಗಲು ಬಿಡದೆ ಒಂದೇ ಮಟ್ಟದಲ್ಲಿ ಹಿಡಿದಿಟ್ಟರೆ ಹವಳ ಬದುಕುತ್ತದೆ. ದುಬಾರಿ ಯಂತ್ರ ತಂದು ಮಟ್ಟ ತಪ್ಪಿಸಿದರೆ ಸಾಯುತ್ತದೆ. ಹಾಗಾಗಿ ದುಡ್ಡನ್ನು ಮೊದಲು ನೀರಿಗೆ ಹಾಕಿ, ಉಳಿದದ್ದು ಆಮೇಲೆ.

ಹಳೆಯದರಲ್ಲಿ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂದು ಮೊದಲು ನೋಡೋಣ. ನನ್ನ ಟ್ಯಾಂಕ್ 36 ಇಂಚು ಉದ್ದ, 15 ಅಗಲ, 18 ಎತ್ತರ. ಲೆಕ್ಕಕ್ಕೆ 159 ಲೀಟರ್. ಕಲ್ಲು, ಮರಳು ಹಾಕಿ ಮೇಲೆ ಒಂದಿಷ್ಟು ಜಾಗ ಬಿಟ್ಟ ಮೇಲೆ ನೀರು ಹಿಡಿಯುವುದು 130 ಲೀಟರ್. ಇದಕ್ಕಿಂತ ಬಹಳ ಚಿಕ್ಕ ಟ್ಯಾಂಕಿನಲ್ಲಿ ಮೊದಲ ಪ್ರಯತ್ನ ಬೇಡ. ನೀರು ಕಡಿಮೆಯಿದ್ದಷ್ಟೂ ಉಪ್ಪು, ಬಿಸಿ ಎರಡೂ ಬೇಗ ಏರುತ್ತವೆ. ಗಾಜು, ಸ್ಟ್ಯಾಂಡ್, ಹಿಂಬದಿಗೆ ನೇತುಹಾಕುವ ಫಿಲ್ಟರ್, ಏರ್ ಪಂಪ್, ಚಳಿಗಾಲದ ಹೀಟರ್ ಇಷ್ಟನ್ನು ಉಳಿಸಿಕೊಂಡೆ. ಗಿಡದ ಮಣ್ಣು, ಜಲ್ಲಿ, ಮರದ ಬೇರು ಎಲ್ಲ ಹೊರಗೆ ಹೋದವು. ಕಬ್ಬಿಣದ ಸ್ಟ್ಯಾಂಡಿಗೆ ತುಕ್ಕು ಕೆರೆದು ಎರಡು ಕೋಟ್ ಎಪಾಕ್ಸಿ ಪೇಂಟ್ ಹೊಡೆಯಿರಿ. ಉಪ್ಪಿನ ಹನಿ ಬಿದ್ದ ಕಡೆ ಕಬ್ಬಿಣ ಆರು ತಿಂಗಳೂ ತಡೆಯುವುದಿಲ್ಲ. ಗಾಜನ್ನು ವಿನೆಗರ್ ಹಾಕಿ ಉಜ್ಜಿ, ಸೋಪು ತಾಗಿಸಬೇಡಿ. ನೀರು ತುಂಬಿಸಿ ಮೂರು ದಿನ ಬಾಲ್ಕನಿಯಲ್ಲಿಟ್ಟು ಸೋರಿಕೆ ನೋಡಿಕೊಳ್ಳಿ.

ಒಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ: ಈ ಟ್ಯಾಂಕಿಗೆ ಎಂದಾದರೂ ಮೀನಿನ ಔಷಧಿ ಹಾಕಿದ್ದಿರಾ? ಮೀನಿನ ಮೈಮೇಲಿನ ಹುಳಕ್ಕೆ ಕೊಡುವ ಔಷಧಿಗಳಲ್ಲಿ ಕೆಲವು ತಾಮ್ರದವು. ಮೀನು ತಡೆದುಕೊಳ್ಳುವಷ್ಟು ತಾಮ್ರ ಶಂಖದ ಹುಳು, ಸಿಗಡಿ, ಹವಳಕ್ಕೆ ವಿಷ. ಅದು ಜಲ್ಲಿಯಲ್ಲಿ, ಬಹುಶಃ ಸಿಲಿಕೋನ್ ಅಂಟಿನಲ್ಲೂ, ಸೇರಿಕೊಂಡು ನಿಧಾನಕ್ಕೆ ಬಿಡುತ್ತದೆ. ಹಾಗೆ ಹಾಕಿದ್ದರೆ ಬೇರೆ ಟ್ಯಾಂಕ್ ನೋಡುವುದೇ ಒಳ್ಳೆಯದು. ನನ್ನ ಕಸುಬೇ ತಾಮ್ರದ ಪೈಪಿನದು. ದಿನವಿಡೀ ಪೈಪ್ ಕತ್ತರಿಸಿ ಬೆಸುಗೆ ಹಾಕಿದ ಕೈಯನ್ನು ಮೊಣಕೈವರೆಗೆ ತೊಳೆಯದೆ ನಾನು ಟ್ಯಾಂಕ್ ಮುಟ್ಟುವುದಿಲ್ಲ. ಹಿತ್ತಾಳೆಯ ನಲ್ಲಿ, ಕ್ಲಿಪ್ಪು, ಸ್ಕ್ರೂ ಯಾವುದೂ ಆ ನೀರಿಗೆ ಇಳಿಯಬಾರದು.

ಇದೇ ಕಾರಣಕ್ಕೆ ಎಸಿಯಿಂದ ಹನಿಯುವ ನೀರೂ ಬೇಡ. ಬಹಳ ಜನ ಕೇಳುತ್ತಾರೆ, 'ಅದು ಡಿಸ್ಟಿಲ್ಡ್ ನೀರೇ ಅಲ್ವಾ ಅಣ್ಣಾ, ಪುಕ್ಕಟೆ ಸಿಗ್ತದಲ್ಲ' ಎಂದು. ಹುಟ್ಟುವಾಗ ಅದು ಶುದ್ಧವೇ. ಆದರೆ ಇಳಿದು ಬರುವುದು ತಾಮ್ರದ ಕಾಯಿಲ್, ಅಲ್ಯುಮಿನಿಯಂ ಫಿನ್ನುಗಳ ಮೇಲಿಂದ, ಧೂಳು ಕಟ್ಟಿದ ಟ್ರೇಯಿಂದ. ನಾನು ದಿನಕ್ಕೆ ಐದಾರು ಟ್ರೇ ತೊಳೆಯುವವನು, ಅದರಲ್ಲಿ ಏನಿರುತ್ತದೆ ಎಂದು ನೋಡಿ ಹೇಳುತ್ತಿದ್ದೇನೆ.

ಹಾಗಾದರೆ ಯಾವ ನೀರು? ಮುಂಬೈ ನಲ್ಲಿಗೆ ತಾನ್ಸಾ, ವೈತರಣಾ, ಭಾತ್ಸಾ ಕಡೆಯ ಕೆರೆ-ಅಣೆಕಟ್ಟಿನ ನೀರು ಬರುತ್ತದೆ, ಗಡಸು ಕಡಿಮೆ. ನಮ್ಮ ನಲ್ಲಿಯಲ್ಲಿ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವುದು) 60ರ ಆಸುಪಾಸು ತೋರಿಸುತ್ತದೆ. ಆದರೂ ಕ್ಲೋರಿನ್ ಇರುತ್ತದೆ, ಪಾಚಿಗೆ ಗೊಬ್ಬರವಾಗುವ ಅಂಶಗಳಿರುತ್ತವೆ. ಮನೆಯಲ್ಲಿ ಕುಡಿಯುವ ನೀರಿನ ಆರ್‌ಒ ಇದ್ದರೆ ಅರ್ಧ ಕೆಲಸ ಆದಂತೆ. ಖನಿಜ ಸೇರಿಸುವ ಕಾರ್ಟ್ರಿಡ್ಜ್‌ಗೂ ಟಿಡಿಎಸ್ ಕಂಟ್ರೋಲರ್‌ಗೂ ಮೊದಲೇ ಮೆಂಬ್ರೇನಿನಿಂದ ಒಂದು ಟೀ ಜಾಯಿಂಟ್ ಹಾಕಿ ಪೈಪ್ ಎಳೆಯಿರಿ, ಅದಕ್ಕೆ ಒಂದು ಡಿಐ ರೆಸಿನ್ ಕಾರ್ಟ್ರಿಡ್ಜ್ (ಉಳಿದ ಲವಣವನ್ನೂ ಹಿಡಿದಿಡುವ ಹರಳುಗಳ ಡಬ್ಬಿ) ಕೂಡಿಸಿ. ನನಗೆ ಇದಕ್ಕೆ 1,200 ರೂಪಾಯಿ ಆಯಿತು. ಮೀಟರ್ ಸೊನ್ನೆ ತೋರಿಸಬೇಕು. ರೆಸಿನ್ ಮುಗಿದಾಗ ಅಂಕಿ ಏರತೊಡಗುತ್ತದೆ, ಆಗ ಬದಲಿಸಿ.

ಸಮುದ್ರ ಇಷ್ಟು ಹತ್ತಿರ ಇರುವಾಗ ಅಲ್ಲಿಂದಲೇ ತರಬಾರದೇಕೆ ಎಂದು ಮಗಳೂ ಕೇಳಿದ್ದಳು. ನಮ್ಮ ದಂಡೆಯ ನೀರಿನಲ್ಲಿ ಊರಿನ ಕೊಳಚೆ, ಎಣ್ಣೆ, ಕೆಸರು ಎಲ್ಲ ಬೆರೆತಿರುತ್ತದೆ, ಮಳೆಗಾಲದಲ್ಲಿ ಉಪ್ಪಿನಂಶವೂ ಇಳಿಯುತ್ತದೆ. ಜುಹು ಮರಳಿಗೂ ಇದೇ ಮಾತು. ಇನ್ನು ಅಂಗಡಿಯ ಉಪ್ಪು, ನಮ್ಮ ಸಾಣಿಕಟ್ಟಾ ಉಪ್ಪು ಕೂಡ, ಟ್ಯಾಂಕಿಗೆ ಆಗುವುದಿಲ್ಲ. ಕಡಲ ನೀರು ಎಂದರೆ ಬರೀ ಉಪ್ಪು ಅಲ್ಲ: ಲೀಟರಿಗೆ ಸುಮಾರು 1,300 ಮಿಲಿಗ್ರಾಂ ಮೆಗ್ನೀಸಿಯಂ, 400ಕ್ಕೂ ಸ್ವಲ್ಪ ಹೆಚ್ಚು ಮಿಲಿಗ್ರಾಂ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬನೇಟ್ ಎಲ್ಲ ಇರುತ್ತದೆ. ಆಗರದಲ್ಲಿ ಉಪ್ಪು ಹರಳುಗಟ್ಟುವಾಗ ಮೆಗ್ನೀಸಿಯಂನ ಹೆಚ್ಚಿನ ಪಾಲು ಉಳಿದ ಕಹಿನೀರಿನಲ್ಲೇ ನಿಂತುಬಿಡುತ್ತದೆ. ಆ ಕಹಿನೀರನ್ನು ಬೇರೆ ಮಾಡಿದ್ದಕ್ಕೇ ಉಪ್ಪು ಊಟಕ್ಕೆ ರುಚಿ. ಹವಳಕ್ಕೆ ಮಾತ್ರ ಆ ಬಿಟ್ಟುಹೋದದ್ದೂ ಬೇಕು. ಹಾಗಾಗಿ ಹವಳದ ಅಕ್ವೇರಿಯಂಗೆಂದೇ ಮಾಡಿದ ರೀಫ್ ಸಾಲ್ಟ್ ಕೊಳ್ಳಿ. 20 ಕೆಜಿ ಬಕೆಟ್‌ಗೆ ನಾನು ಕೊಟ್ಟಿದ್ದು 4,200. ಬಿಡಿ ಕೆಜಿ ಲೆಕ್ಕದಲ್ಲಿ ತಂದರೆ ದುಬಾರಿ ಬೀಳುತ್ತದೆ, ತೇವವೂ ಹಿಡಿದಿರುತ್ತದೆ.

ಅಳತೆ ಲೀಟರಿಗೆ 36 ಗ್ರಾಂ ಆಸುಪಾಸು. ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಕೊಂಚ ಬೇರೆ. ನೀರಿಗೆ ಉಪ್ಪು ಸುರಿಯಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ಪಂಪ್ ಹಾಕಿ ಒಂದು ದಿನ ತಿರುಗಿಸಿ. ಗುರಿ ಸಾವಿರಕ್ಕೆ 35 ಭಾಗ. ಗ್ರಾವಿಟಿ, ಅಂದರೆ ಸಿಹಿನೀರಿಗೆ ಹೋಲಿಸಿದ ತೂಕದ ಲೆಕ್ಕದಲ್ಲಿ, 1.025ರಿಂದ 1.026. ತೇಲುವ ಮುಳ್ಳಿನ ಅಗ್ಗದ ಹೈಡ್ರೋಮೀಟರ್ ನಂಬಬೇಡಿ, ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. 1,500 ರೂಪಾಯಿಯ ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದನ್ನು ನೋಡಿ ಉಪ್ಪು ಹೇಳುವ ಮೀಟರ್) ತಗೊಳ್ಳಿ. ಅದನ್ನು ಸರಿ ಮಾಡಿಕೊಳ್ಳಲು ದ್ರಾವಣ ಮನೆಯಲ್ಲೇ ಆಗುತ್ತದೆ: ಆರ್‌ಒ-ಡಿಐ ನೀರು 963.5 ಗ್ರಾಂ, ಬೇರೇನೂ ಬೆರೆಸದ ಶುದ್ಧ ಸೋಡಿಯಂ ಕ್ಲೋರೈಡ್ 36.5 ಗ್ರಾಂ. ಈ ನೀರಿನ ಎರಡು ಹನಿ ಹಾಕಿದಾಗ ಗೆರೆ 35ಕ್ಕೆ ನಿಲ್ಲಬೇಕು, ನಿಲ್ಲದಿದ್ದರೆ ಸ್ಕ್ರೂ ತಿರುಗಿಸಿ ನಿಲ್ಲಿಸಿ. ಬರೀ ನೀರಿನಲ್ಲಿ ಸೊನ್ನೆಗೆ ಹೊಂದಿಸಿದ ಮೀಟರ್ 35ರ ಹತ್ತಿರ ತಪ್ಪು ಹೇಳುವುದುಂಟು.

ಈಗ ಕಲ್ಲು. ಟ್ಯಾಂಕಿನ ನಿಜವಾದ ಫಿಲ್ಟರ್ ಇದೇ, ರಂಧ್ರ ರಂಧ್ರವಾದ ಕಲ್ಲಿನೊಳಗೆ ಬ್ಯಾಕ್ಟೀರಿಯಾ ಮನೆ ಮಾಡಿಕೊಳ್ಳುತ್ತದೆ. ಒಬ್ಬ ಅಂಗಡಿಯವ 'ಲೈವ್ ರಾಕ್' ಎಂದು ನನಗೆ ತೋರಿಸಿದ್ದು ಸಮುದ್ರದಿಂದ ಒಡೆದು ತಂದ ಹವಳದ ಕೊಂಬೆ. ಇನ್ನೂ ಹಸಿಯಾಗಿತ್ತು, ಮುರಿದ ಜಾಗ ಬೆಳ್ಳಗಿತ್ತು. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ನೀರಿಗಿಳಿದು ನಾನು ಜೀವಂತ ಹವಳ ನೋಡಿದ್ದೇನೆ. ಆ ಕೊಂಬೆ ಕೈಗೆ ಬಂದಾಗ ಹೊಟ್ಟೆ ಕಿವುಚಿದಂತಾಯಿತು. ದಯವಿಟ್ಟು ಅದನ್ನು ಕೊಳ್ಳಬೇಡಿ. ಬಂಡೆ ಕಟ್ಟುವ ಗಟ್ಟಿ ಹವಳ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರದ ಬೀಸಣಿಗೆ ಎಲ್ಲವೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ. ಕಡಲಕುದುರೆಯೂ ಹಾಗೇ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ. ಮನೆಯಲ್ಲಿ ಇಟ್ಟುಕೊಂಡರೂ ಅಪರಾಧ. ಕೃತಕವಾಗಿ ಎರಕ ಹೊಯ್ದ ಒಣ ರೀಫ್ ಕಲ್ಲು ಸಿಗುತ್ತದೆ. ನಾನು ಕೆಜಿಗೆ 200ರಂತೆ 12 ಕೆಜಿ ತಂದೆ. ಮರಳು ಹಾಕುವ ಮೊದಲೇ ಕಲ್ಲನ್ನು ನೇರ ತಳದ ಗಾಜಿನ ಮೇಲೆ ಕೂರಿಸಿ, ಕೆಳಗೆ ತೆಳ್ಳನೆ ಪ್ಲಾಸ್ಟಿಕ್ ಜಾಲರಿ ಇರಲಿ. ಮರಳಿನ ಮೇಲಿಟ್ಟರೆ ಮೀನು ಕೆದಕಿ ಗುಡ್ಡ ಜಾರುತ್ತದೆ. ಮರಳು ಅರಗೊನೈಟ್ ಎಂಬ ಸುಣ್ಣದ ಜಾತಿಯದು, ಒಂದು ಇಂಚಿಗಿಂತ ದಪ್ಪ ಬೇಡ.

ನೀರು ಓಡಾಡಬೇಕು. ಗಂಟೆಗೆ ಟ್ಯಾಂಕಿನ ನೀರಿನ ಇಪ್ಪತ್ತು ಪಟ್ಟು ಎಂದು ಹಿಡಿಯಿರಿ, ನನ್ನದಕ್ಕೆ 2,600 ಲೀಟರ್. ಎರಡು ಚಿಕ್ಕ ವೇವ್‌ಮೇಕರ್ (ನೀರೊಳಗೆ ಅಲೆ ಎಬ್ಬಿಸುವ ಪಂಪು) ಎದುರು ಬದುರು ಹಾಕಿದ್ದೇನೆ, ಬೆಲೆ ತಲಾ 1,200 ರೂಪಾಯಿ. ಒಂದು ಕೆಟ್ಟರೂ ಇನ್ನೊಂದು ನಡೆಯುತ್ತದೆ. ಪ್ರೋಟೀನ್ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ) ತಗೊಳ್ಳಲಿಲ್ಲ. ಮೀನು ಕೆಲವೇ ಇದ್ದು, ವಾರ ವಾರ ನೀರು ಬದಲಿಸುವವರಿಗೆ ಮೃದು ಹವಳದ ಟ್ಯಾಂಕಿನಲ್ಲಿ ಅದಿಲ್ಲದೆ ನಡೆಯುತ್ತದೆ.

ದೀಪದಲ್ಲಿ ದೊಡ್ಡ ಉಳಿತಾಯ ಇದೆ. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿ 3 ವ್ಯಾಟಿನ ಎಲ್‌ಇಡಿ 21 ತಂದೆ: 14 ರಾಯಲ್ ಬ್ಲೂ, 7 ಕೂಲ್ ವೈಟ್. ನೀಲಿ 450 ನ್ಯಾನೋಮೀಟರ್ ಇರಲಿ. ಹವಳದ ಮೈಯೊಳಗೆ ಇರುವ ಸೂಕ್ಷ್ಮ ಪಾಚಿ ಬೆಳಕಿನಿಂದ ಅದಕ್ಕೆ ಊಟ ಮಾಡಿಕೊಡುತ್ತದೆ, ಆ ಪಾಚಿಗೆ ಬೇಕಾದ ಬಣ್ಣ ಈ ನೀಲಿ. ಏಳೇಳರ ಮೂರು ಸರಣಿ, ಪ್ರತಿ ಸರಣಿಗೂ ಒಂದು ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ (ಕರೆಂಟನ್ನು ಒಂದೇ ಸಮ ಕೊಡುವ ಪೆಟ್ಟಿಗೆ). ದಪ್ಪ ಅಲ್ಯುಮಿನಿಯಂ ಹೀಟ್‌ಸಿಂಕಿಗೆ ಥರ್ಮಲ್ ಪೇಸ್ಟ್ ಹಚ್ಚಿ ಕೂರಿಸಿದೆ, ಕೆಳಗೆ ಅಕ್ರಿಲಿಕ್ ಹಾಳೆ ಕಟ್ಟಿದೆ. ನೀಲಿಗೂ ಬಿಳಿಗೂ ಬೇರೆ ಬೇರೆ ಟೈಮರ್. ಒಟ್ಟು 3,400 ರೂಪಾಯಿ. ನೀರಿನಿಂದ ಹತ್ತು ಇಂಚು ಮೇಲೆ ನೇತುಹಾಕಿ, ದಿನಕ್ಕೆ ಎಂಟು-ಒಂಬತ್ತು ಗಂಟೆ ಸಾಕು. ವಿದ್ಯುತ್ ಕೆಲಸ ಗೊತ್ತಿಲ್ಲದವರು ಗೊತ್ತಿರುವವರಿಂದಲೇ ಮಾಡಿಸಿ. ಪ್ರತಿ ವೈರೂ ಪ್ಲಗ್ಗಿಗೆ ಬರುವ ಮೊದಲು ಕೆಳಕ್ಕೆ ಜೋತು ಬಿದ್ದು ಮೇಲೇರಬೇಕು, ವೈರಿನ ಮೇಲೆ ಇಳಿದ ನೀರು ಸಾಕೆಟ್ಟಿಗೆ ಹೋಗದಿರಲಿ. ಮನೆಯ ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇರಲೇಬೇಕು. ಉಪ್ಪುನೀರು ಕರೆಂಟನ್ನು ಸಿಹಿನೀರಿಗಿಂತ ಬಹಳ ಚೆನ್ನಾಗಿ ಹಾಯಿಸುತ್ತದೆ.

ಎಲ್ಲ ಕೂಡಿಸಿ ನೀರು ತುಂಬಿದ ಮೇಲೆ ಕಾಯುವ ಕಾಲ. ಮೀನು ಹಾಕಿ ಟ್ಯಾಂಕ್ ಹದ ಮಾಡುವ ಹಳೆಯ ಪದ್ಧತಿ ಬೇಡ. ಮೀನು ಮಾರುವ ಮಾವಶಿಯ ಹತ್ತಿರ ಎರಡು ಸಿಗಡಿ, ನಮ್ಮ ಕಡೆ ಶೆಟ್ಲಿ ಎನ್ನುತ್ತೇವೆ, ತಂದು ಜಾಲರಿ ಚೀಲದಲ್ಲಿ ಕಟ್ಟಿ ಇಳಿಬಿಟ್ಟೆ. ಅದು ಕೊಳೆತಾಗ ಅಮೋನಿಯ ಹುಟ್ಟುತ್ತದೆ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅಮೋನಿಯ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗುತ್ತದೆ. ಸಿಹಿನೀರಿನ ಫಿಲ್ಟರಿನ ಹಳೆಯ ಸ್ಪಂಜಿನಿಂದ ಈ ಕೆಲಸ ಬೇಗ ಆಗುತ್ತದೆಂದು ನಂಬಬೇಡಿ, ಒಮ್ಮೆಲೇ ಇಷ್ಟು ಉಪ್ಪು ತಾಗಿದರೆ ಅದರೊಳಗಿನವು ಹೆಚ್ಚಿನವು ಉಳಿಯುವುದಿಲ್ಲ. ನನಗೆ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು 34 ದಿನ ಹಿಡಿಯಿತು. ಮೊದಲ ವಾರ ಟ್ಯಾಂಕಿನ ಹತ್ತಿರ ವಾಸನೆ ಇರುತ್ತದೆ, ಮನೆಯವರಿಗೆ ಮುಂಚೆಯೇ ಹೇಳಿಡಿ.

ಈ ದಿನಗಳಲ್ಲಿ ಹಳೆಯ ಮೀನುಗಳಿಗೆ ಒಂದು ದಾರಿ ಮಾಡಬೇಕು. ಗಪ್ಪಿ, ಏಂಜೆಲ್‌ಗಳನ್ನು ಕೆಳಮನೆಯವರಿಗೆ ಕೊಟ್ಟೆ. ಪವೈ ಕೆರೆಗೋ ನಾಲೆಗೋ ಬಿಡಬೇಡಿ. ಮೋಲಿಯ ಕತೆ ಬೇರೆ. ಅದು ಸಿಹಿನೀರು, ಕಡಲ ನೀರು ಎರಡಕ್ಕೂ ಒಗ್ಗುವ ಮೀನು. ಮಗಳ ನಾಲ್ಕು ಕಪ್ಪು ಮೋಲಿಗಳನ್ನು ಬಕೆಟ್ಟಿನಲ್ಲಿಟ್ಟು, ಏರ್ ಪಂಪಿನ ಟ್ಯೂಬಿಗೆ ಗಂಟು ಹಾಕಿ ಹನಿಹನಿಯಾಗಿ ಉಪ್ಪುನೀರು ಬಿಟ್ಟು ಎರಡು ದಿನದಲ್ಲಿ 35ಕ್ಕೆ ತಂದೆ. ಹದವಾದ ಟ್ಯಾಂಕಿಗೆ ಮೊದಲು ಇಳಿದವು ಅವೇ. ಕಲ್ಲಿನ ಮೇಲಿನ ಪಾಚಿಯನ್ನು ಇಡೀ ದಿನ ಕಿತ್ತು ತಿಂದವು. 'ಅಪ್ಪಾ, ಇವಕ್ಕೆ ಊರು ಬದಲಾದದ್ದು ಗೊತ್ತೇ ಆಗಲಿಲ್ಲ' ಎಂದು ಮಗಳು ಖುಷಿಪಟ್ಟಳು.

ಪಾಚಿ ಬಂದೇ ಬರುತ್ತದೆ. ಮೊದಲು ಕಂದು ಪುಡಿ ಎರಚಿದಂತೆ, ಆಮೇಲೆ ಹಸಿರು ಕೂದಲಿನಂತೆ. ಗಾಬರಿಯಿಂದ ಔಷಧಿ ಹಾಕಬೇಡಿ. ಆರೇಳು ಶಂಖದ ಹುಳು ಬಿಡಿ, ಕೈಯಿಂದ ಕಿತ್ತು ತೆಗೆಯಿರಿ, ದೀಪದ ಹೊತ್ತು ಕಡಿಮೆ ಮಾಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ: ಮುಂಬೈಯ ಸೆಕೆ. ಹವಳಕ್ಕೆ 25-26 ಡಿಗ್ರಿ ಹಿತ. ಮೃದು ಹವಳ 28ಕ್ಕೂ ತಡೆಯುತ್ತದೆ, 30 ದಾಟಿದರೆ ಮುದುಡುತ್ತದೆ. ಮೇ ತಿಂಗಳಲ್ಲಿ ನಮ್ಮ ಹಾಲ್ 33. ಚಿಲ್ಲರ್ ಕೊಳ್ಳಲು ಹೊರಟರೆ ಇಡೀ ಟ್ಯಾಂಕಿನ ಖರ್ಚಿಗಿಂತ ಹೆಚ್ಚು. ಕಂಪ್ಯೂಟರಿನ 12 ವೋಲ್ಟಿನ ಎರಡು ಫ್ಯಾನ್ ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವಂತೆ ಕಟ್ಟಿ. ಬೆವರಿದ ಮೈಗೆ ಗಾಳಿ ತಾಗಿದರೆ ತಂಪಾಗುವಂತೆಯೇ ಇದು: ಆರುವ ನೀರು ಬಿಸಿಯನ್ನು ಒಯ್ಯುತ್ತದೆ. ನನಗೆ ಮೂರರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ. ಜೂನ್ ಮೊದಲ ವಾರ, ಮಳೆ ಹಿಡಿಯುವ ಮುಂಚಿನ ಜಿಗುಟು ದಿನಗಳಲ್ಲಿ ಗಾಳಿಯೇ ಒದ್ದೆಯಿರುವುದರಿಂದ ಅಷ್ಟು ಇಳಿಯುವುದಿಲ್ಲ. ಆಗ ಕಿಟಕಿ ತೆರೆದಿಟ್ಟು, ದೀಪವನ್ನು ರಾತ್ರಿ ಹೊತ್ತಿಗೆ ತಳ್ಳುತ್ತೇನೆ.

ಫ್ಯಾನ್ ತಂಪು ಕೊಟ್ಟು ನೀರನ್ನು ತೆಗೆದುಕೊಂಡು ಹೋಗುತ್ತದೆ. ದಿನಕ್ಕೆ 3 ಲೀಟರ್ ಹೋಯಿತೆನ್ನಿ, ವಾರಕ್ಕೆ 21. ಉಪ್ಪು ಅಲ್ಲೇ ಇರುತ್ತದೆ. 130 ಲೀಟರಿನ ಉಪ್ಪು 109 ಲೀಟರಿನಲ್ಲಿ ಸೇರಿದರೆ 35 ಇದ್ದದ್ದು 41 ದಾಟುತ್ತದೆ. ಮೊದಲ ಬೇಸಿಗೆಯಲ್ಲಿ ನಾನು ವಾಶಿಯಲ್ಲಿ ಒಂದು ದೊಡ್ಡ ಕೆಲಸದ ಮೇಲೆ ಹತ್ತು ದಿನ ಇದ್ದೆ. ಕಡಿಮೆಯಾದ ನೀರಿಗೆ ಮನೆಯವರು ಡ್ರಮ್ಮಿನಲ್ಲಿ ಕಲಸಿಟ್ಟ ಉಪ್ಪುನೀರನ್ನೇ ಹಾಕಿದ್ದರು, ಯಾವುದು ಹಾಕಬೇಕೆಂದು ನಾನು ಹೇಳಿಯೇ ಇರಲಿಲ್ಲ. ಬಂದು ನೋಡಿದರೆ ಶಂಖದ ಹುಳುಗಳೆಲ್ಲ ತಳದಲ್ಲಿ ಅಂಗಾತ ಬಿದ್ದಿದ್ದವು. ಒಂದೊಂದನ್ನೂ ಕೈಗೆತ್ತಿ ನೋಡಿದೆ, ಮುಟ್ಟಿದರೆ ಚಿಪ್ಪಿನ ಬಾಗಿಲು ಮುಚ್ಚಿಕೊಂಡದ್ದು ಒಂದೂ ಇರಲಿಲ್ಲ, ಎಲ್ಲ ಸತ್ತಿದ್ದವು. ಆರಿದ ಜಾಗಕ್ಕೆ ಯಾವಾಗಲೂ ಉಪ್ಪಿಲ್ಲದ ಆರ್‌ಒ-ಡಿಐ ನೀರು ಮಾತ್ರ. ಗಾಜಿನ ಮೇಲೆ ಟೇಪು ಅಂಟಿಸಿ ಮಟ್ಟ ಗುರುತು ಮಾಡಿ.

ಆಮೇಲೆ ನಾನು ಮಾಡಿಕೊಂಡ ವ್ಯವಸ್ಥೆ ಹೇಳುತ್ತೇನೆ. ಡೆಸರ್ಟ್ ಕೂಲರಿಗೆ ಬರುವ ಪ್ಲಾಸ್ಟಿಕ್ ಫ್ಲೋಟ್ ವಾಲ್ವ್ ಒಂದನ್ನು ಟ್ಯಾಂಕಿನ ಅಂಚಿಗೆ ಕೂರಿಸಿದೆ. ಒಳಗಿನ ಕಡ್ಡಿ, ಪಿನ್ನು ಕೂಡ ಪ್ಲಾಸ್ಟಿಕ್ಕೇ ಎಂದು ನೋಡಿ ತನ್ನಿ. ಮೇಲಿನ ಶೆಲ್ಫಿನಲ್ಲಿ 10 ಲೀಟರಿನ ಕ್ಯಾನ್. ನೀರು ಅರ್ಧ ಸೆಂಟಿಮೀಟರ್ ಇಳಿದರೆ ತೇಲು ಇಳಿದು ವಾಲ್ವ್ ತೆರೆಯುತ್ತದೆ. ಕ್ಯಾನ್ ದೊಡ್ಡದಿಡಬೇಡಿ. ಎಂದಾದರೂ ತೇಲು ಸಿಕ್ಕಿಕೊಂಡರೆ ಹತ್ತು ಲೀಟರೂ ಒಳಗೆ ಬಂದೀತು, ಆಗ ಉಪ್ಪು 32.5ಕ್ಕೆ ಇಳಿಯುತ್ತದೆ, ಅದನ್ನು ಹವಳ ತಡೆದುಕೊಳ್ಳುತ್ತದೆ. ಅಷ್ಟು ನೀರಿಗೆ ಮೇಲೆ ಜಾಗವೂ ಇರಬೇಕು. ತಿಂಗಳಿಗೊಮ್ಮೆ ವಾಲ್ವಿನ ಮೇಲೆ ಕಟ್ಟಿದ ಉಪ್ಪನ್ನು ಬಿಸಿನೀರಿನಲ್ಲಿ ತೊಳೆಯಿರಿ.

ಹವಳ ಹಾಕುವುದು ಮೂರನೇ ತಿಂಗಳಿನಿಂದ. ಗ್ರೀನ್ ಸ್ಟಾರ್ ಪಾಲಿಪ್, ಮಶ್ರೂಮ್, ಝೋವಾಂತಿಡ್ ಈ ಮೂರು ಮೃದು ಜಾತಿಗಳಿಂದ ಶುರು ಮಾಡಿ. ಹವ್ಯಾಸಿಗಳ ಟ್ಯಾಂಕಿನಲ್ಲೇ ಬೆಳೆದು ಕತ್ತರಿಸಿ ಕೊಟ್ಟ ತುಂಡುಗಳಾದರೆ ಅಗ್ಗ, ನಮ್ಮ ಉಪ್ಪು-ನೀರಿಗೆ ಒಗ್ಗಿರುತ್ತವೆ. ಸ್ಟಾರ್ ಪಾಲಿಪನ್ನು ಬೇರೆಯದೇ ಕಲ್ಲಿನ ಮೇಲಿಡಿ, ಇಲ್ಲವಾದರೆ ಎಲ್ಲದರ ಮೇಲೂ ಹಬ್ಬುತ್ತದೆ. ಝೋವಾಂತಿಡ್, ಅದರಲ್ಲೂ ಪ್ಯಾಲಿಥೋವಾ ಎಂಬ ಜಾತಿ, ಮುಟ್ಟುವಾಗ ಕೈಗವಸು, ಕನ್ನಡಕ ಬೇಕು. ಕೆಲವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಬಹಳ ತೀವ್ರ ವಿಷ ಇರುತ್ತದೆ. ಅವು ಅಂಟಿದ ಕಲ್ಲನ್ನು ಎಂದೂ ಕುದಿಸಬೇಡಿ, ಬಿಸಿನೀರಲ್ಲಿ ಉಜ್ಜಬೇಡಿ, ಹಬೆಯಲ್ಲೇ ವಿಷ ಏರಿ ಇಡೀ ಮನೆಯವರು ಆಸ್ಪತ್ರೆ ಸೇರುವಂತಾಗುತ್ತದೆ.

ಮೀನಿಗೆ ಬಂದರೆ, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ನೀಲಿ ಡ್ಯಾಮ್ಸೆಲ್ ಕೊಳ್ಳಬೇಡಿ. ಬೆಳೆದ ಮೇಲೆ ಬೇರೆ ಮೀನನ್ನು ಅಟ್ಟಾಡಿಸಿ ಕೊಲ್ಲುತ್ತದೆ. ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಮೀನನ್ನೇ ಕೇಳಿ ಪಡೆಯಿರಿ. ಅದನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಸಿಎಂಎಫ್‌ಆರ್‌ಐ (ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳೇ ರೂಪಿಸಿದ್ದಾರೆ, ಸಮುದ್ರದಿಂದ ಹಿಡಿದು ತರುವ ಅಗತ್ಯವೇ ಇಲ್ಲ. ಒಂದು ಚಿಕ್ಕದು, ಒಂದು ತುಸು ದೊಡ್ಡದು ತನ್ನಿ. ಎಲ್ಲ ಮರಿಗಳೂ ಗಂಡಾಗಿ ಬೆಳೆದು, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ.

ಭಾನುವಾರ ಬೆಳಿಗ್ಗೆ ನನಗೆ ಮುಕ್ಕಾಲು ಗಂಟೆಯ ಕೆಲಸ. 13 ಲೀಟರ್ ತೆಗೆದು ಅಷ್ಟೇ ಹೊಸ ಉಪ್ಪುನೀರು, ಸುಮಾರು ಅರ್ಧ ಕೆಜಿ ಉಪ್ಪಿನದು, ಹಾಕುತ್ತೇನೆ. ಫಿಲ್ಟರಿನ ಹತ್ತಿ ಬದಲಿಸುತ್ತೇನೆ. ಉಪ್ಪು, ನೈಟ್ರೇಟ್, ಕೆಎಚ್ (ನೀರಿನ ಕಾರ್ಬನೇಟ್ ಅಂಶದ ಅಳತೆ) ಮೂರನ್ನೇ ಪರೀಕ್ಷಿಸುತ್ತೇನೆ. ಕೆಎಚ್ 8-9ರಲ್ಲಿರಲಿ. ಕಲ್ಲಿನ ಮೇಲೆ ನೇರಳೆ ಬಣ್ಣದ ಕೊರಲೈನ್ ಪಾಚಿ ಹಬ್ಬತೊಡಗಿದರೆ ಕೆಎಚ್ ತಾನಾಗಿ ಇಳಿಯುತ್ತದೆ. ಆಗ ಸುಣ್ಣದ ತಿಳಿ ಸಾಕು. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಒಂದೂವರೆ ಗ್ರಾಂ ಒಂದು ಲೀಟರ್ ಆರ್‌ಒ-ಡಿಐ ನೀರಿಗೆ ಕಲಸಿ ಮುಚ್ಚಿಟ್ಟು, ಮೇಲಿನ ತಿಳಿಯನ್ನಷ್ಟೇ ರಾತ್ರಿ ಹನಿಹನಿಯಾಗಿ ಬಿಡಬೇಕು. ಬೆಳಿಗ್ಗೆ ಕೆಎಚ್ ನೋಡಿಕೊಂಡೇ ಮರುದಿನದ ಅಳತೆ. ಎಲೆಅಡಿಕೆಯ ಸುಣ್ಣ ಬೇಡ, ಅದರಲ್ಲಿ ಬೇರೆ ಏನೇನು ಸೇರಿರುತ್ತದೋ. ಈ ತಿಳಿ ಕಣ್ಣಿಗೆ ಸಿಡಿದರೆ ಅಪಾಯ, ಮಕ್ಕಳ ಕೈಗೆ ಸಿಗದಂತೆ ಇಡಿ.

ಊರಿಗೆ ಹೋಗುವಾಗ ಮನೆಯ ಕೀಲಿಯನ್ನು ಕೆಳಮನೆಯವರಿಗೆ ಕೊಡುತ್ತೇನೆ. ಕ್ಯಾನಿನ ಮೇಲೆ ಮಗಳು ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ: 'ಇದೇ ನೀರು. ಡ್ರಮ್ಮಿನದು ಅಲ್ಲ.' ಪಕ್ಕದಲ್ಲಿ ಬ್ಯಾಟರಿಯ ಏರ್ ಪಂಪ್ ಇರುತ್ತದೆ, ಕರೆಂಟ್ ಹೋದರೆ ಸ್ವಿಚ್ ಒತ್ತಿದರಾಯಿತು. ಮೀನಿಗೆ ಎರಡು ದಿನಕ್ಕೊಮ್ಮೆ ಚಿಟಿಕೆಯಷ್ಟು ಆಹಾರ, ಪುಟ್ಟ ಪೊಟ್ಟಣಗಳಲ್ಲಿ ಕಟ್ಟಿ ತಾರೀಖು ಬರೆದಿಟ್ಟು ಹೋಗುತ್ತೇವೆ.